ವಿರಾಜಪೇಟೆಗೆ ಏಳು ಮಾತ್ರೆ

ಕನ್ನಡ ಟೀಚರ್ ಆಗಿ ಕೊಡಗಿಗೆ ಬಂದ ಮೊದಲ ವರ್ಷ ಒಂಬತ್ತನೇ ಕ್ಲಾಸಿಗೆ ಅಲಂಕಾರ ಕಲಿಸಿದ್ದು ನಾನು ಕಲಿತ ಹಾಗೆಯೇ. ಬೋರ್ಡಿನ ಮೇಲೆ ಲಕ್ಷಣ ಬರೆದೆ, ಮಕ್ಕಳು ಬಾಯಿಪಾಠ ಮಾಡಿದರು. ಪರೀಕ್ಷೆಯಲ್ಲಿ ಲಕ್ಷಣ ಎಲ್ಲರದ್ದೂ ಸರಿ. ಅದರ ಕೆಳಗೆ ಪಠ್ಯದಲ್ಲಿಲ್ಲದ ಒಂದು ಸಾಲು ಕೊಟ್ಟು ಅಲಂಕಾರ ಹೆಸರಿಸಿ ಅಂದಿದ್ದೆ. ಅರ್ಧ ಕ್ಲಾಸು ಖಾಲಿ ಬಿಟ್ಟಿತ್ತು.

ತಪ್ಪು ನನ್ನದೇ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ ಆಡುವ ಮಕ್ಕಳು. ಅವರ ತಲೆ ಮೇಲೆ ಸುಮ್ನೆ 'ಉಪಮೇಯ', 'ಸಮಾನಧರ್ಮ' ಅಂತ ಹೇರಿದ್ದೆ.

ಮಾರ್ಚಿನಲ್ಲಿ ಹೂಮಳೆ ಬಿದ್ದು ಹತ್ತು ದಿನ ಆಗಿತ್ತು. ಶಾಲೆ ಪಕ್ಕದ ಕಾಫಿ ತೋಟವಿಡೀ ಹೂವು. ಪುಸ್ತಕ ಮುಚ್ಚಿಸಿ, "ತೋಟ ಹೇಗೆ ಕಾಣ್ತದೆ?" ಅಂತ ಕೇಳಿದೆ. "ಹಾಲು ಚೆಲ್ಲಿದ ಹಾಗೆ ಉಂಟು ಟೀಚರ್," ಅಂದ ಹಿಂದಿನ ಬೆಂಚಿನ ಹುಡುಗ. ಅದನ್ನೇ ಬೋರ್ಡಿಗೆ ಬರೆದೆ. ಯಾವುದರ ಬಗ್ಗೆ ಮಾತು? ತೋಟ. ಅದು ಉಪಮೇಯ. ಯಾವುದಕ್ಕೆ ಹೋಲಿಸಿದ? ಚೆಲ್ಲಿದ ಹಾಲಿಗೆ. ಅದು ಉಪಮಾನ. ಎರಡನ್ನೂ ಜೋಡಿಸಿದ 'ಹಾಗೆ' ಉಪಮಾವಾಚಕ. ಎರಡಕ್ಕೂ ಹೊಂದುವ ಗುಣ, ಅಂದರೆ ಸಮಾನಧರ್ಮ ಎಲ್ಲಿ? ಬಿಳುಪು ತಾನೇ? ಆದರೆ ಅವನು ಬಿಳುಪು ಅನ್ನುವ ಪದವನ್ನೇ ಆಡಿರಲಿಲ್ಲ. ಹೀಗೆ ಒಂದು ಭಾಗ ಬಿಟ್ಟುಹೋದರೆ ಲುಪ್ತೋಪಮೆ ಅಂತ ಹೇಳುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ತಕರಾರು ತೆಗೆದಳು. "ಹಾಲಿಗೆ ಆ ಘಮ ಎಲ್ಲುಂಟು? ಮಲ್ಲಿಗೆ ಅನ್ನಬೇಕು." ಜಗಳ ಬೆಲ್ ಹೊಡೆಯುವವರೆಗೂ ನಡೆಯಿತು. ನಾನು ತಡೆಯಲಿಲ್ಲ.

ಜೂನಿನಲ್ಲಿ ಮಂಜು ಸಿಕ್ಕಿತು. ಒಂದೇ ಮಂಜಿಗೆ ಮೂರು ಸಾಲು. 'ಮಂಜು ಕಂಬಳಿಯ ಹಾಗೆ ಕವಿದಿದೆ' ಅಂದರೆ ಉಪಮೆ. 'ಬೆಟ್ಟ ಮಂಜಿನ ಕಂಬಳಿ ಹೊದ್ದಿದೆ' ಅಂದರೆ ಮಂಜೇ ಕಂಬಳಿ, ಅದು ರೂಪಕ. 'ಚಳಿಗೆ ಯಾರೋ ಬೆಟ್ಟಕ್ಕೆ ಕಂಬಳಿ ಹೊದಿಸಿದರೋ ಎಂಬಂತೆ ಮಂಜು ಕವಿದಿದೆ' ಅಂದರೆ ಉತ್ಪ್ರೇಕ್ಷೆ. ಮಕ್ಕಳು ಎಡವುವುದು ಈ ಮೂರನೆಯದರಲ್ಲೇ. ದಿನದ ಮಾತಿನಲ್ಲಿ ಉತ್ಪ್ರೇಕ್ಷೆ ಅಂದರೆ ಜಾಸ್ತಿ ಮಾಡಿ ಹೇಳುವುದು, ಅಲ್ವಾ? ಅಲಂಕಾರದಲ್ಲಿ ಹಾಗಲ್ಲ. ಒಂದನ್ನು ಇನ್ನೊಂದಾಗಿ ಕಲ್ಪಿಸಿಕೊಳ್ಳುವುದು.

ಛಂದಸ್ಸಿಗೆ ಬಸ್ಸಿನ ಬೋರ್ಡುಗಳು. ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆಯೇ ಮಾತ್ರೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡು. ಮಡಿಕೇರಿ 5, ಸೋಮವಾರಪೇಟೆ 9. ವಿರಾಜಪೇಟೆ, ಪೊನ್ನಂಪೇಟೆ, ಕುಶಾಲನಗರ ಮೂರಕ್ಕೂ 7. "ಇಷ್ಟು ಮಾತ್ರೆ ನುಂಗಿದರೆ ಊರಿಗೆ ಹುಷಾರಾಗ್ತದಾ ಟೀಚರ್?" ಅಂತ ಒಬ್ಬ.

ಷಟ್ಪದಿ ಅಂದರೆ ಆರು ಸಾಲಿನ ಪದ್ಯ. ಅದರಲ್ಲಿ ಭಾಮಿನಿ ಅನ್ನುವ ಬಗೆಯ 1, 2, 4, 5ನೇ ಸಾಲುಗಳಿಗೆ 3+4+3+4 ಮಾತ್ರೆಯ ಲೆಕ್ಕ. ಏಳು ಮಾತ್ರೆಯ ಊರು ಎರಡು ಸೇರಿದರೆ ಒಂದು ಸಾಲು. ಪೊನ್ನಂಪೇಟೆಯನ್ನು ಮೂರನೇ ಮಾತ್ರೆಗೆ ಕತ್ತರಿಸಲಾಗದು. ವಿರಾ-ಜಪೇಟೆ, ಕುಶಾ-ಲನಗರ ಸರಿಯಾಗಿ ಕೂರುತ್ತವೆ. ಭಾಮಿನಿ ಸಿಕ್ಕಿತು ಅಂತ ನಾನೂ ಕುಣಿದೆ. ಜೋರಾಗಿ ಓದಿದರೆ ನಾಲಿಗೆ ಮುಗ್ಗರಿಸುತ್ತದೆ! ಯಾಕೆಂದು ಆಮೇಲೆ ಹೊಳೆಯಿತು. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು, ಹೀಗೆ ಕತ್ತರಿಸಿದ ಒಂದೊಂದು ತುಂಡು ಗಣ. ಷಟ್ಪದಿಯಲ್ಲಿ ಲಘು ಆದ ಕೂಡಲೇ ಗುರು ಬರುವ ಹಾಗೆ ಗಣ ಶುರುವಾಗಬಾರದು. 'ವಿರಾ', 'ಜಪೇಟೆ', 'ಕುಶಾ' ಮೂರೂ ಹಾಗೇ ಶುರುವಾಗುತ್ತವೆ. ನಾನು ಪ್ರಸ್ತಾರ, ಅಂದರೆ ಲಘು-ಗುರುವಿನ ಗುರುತು, ಹಾಕಿ ಹಾಕಿ ಓದುವುದನ್ನೇ ಮರೆತಿದ್ದೆ.

ಹಾಗಾದರೆ ಮುಗ್ಗರಿಸದ ಸಾಲು ಹೇಗಿರುತ್ತದೆ ಅಂತ ಕೇಳಿದರು. 'ಮಂಜು ಕವಿದಿದೆ ಬೆಟ್ಟವೆಲ್ಲಾ' ಅಂತ ಬರೆದೆ. ಮಾತ್ರೆಯ ತಮಾಷೆ ಮಾಡಿದ್ದವನೇ ಡೆಸ್ಕಿನ ಮೇಲೆ ತಾಳ ಹಾಕುತ್ತಾ ಮುಂದಿನದನ್ನು ಹೇಳಿದ: 'ಅಂಜಬೇಡಿರಿ ಬಸ್ಸು ಬಂದಿತು.' ಎಣಿಸಿ ನೋಡಿದರೆ ಹದಿನಾಲ್ಕು. ಮೇಲೆ ಮಂಜು, ಕೆಳಗೆ ಅಂಜು. ಸಾಲುಗಳ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಆದಿಪ್ರಾಸದ ಪಾಠ ನಾನಿನ್ನೂ ಶುರು ಮಾಡಿರಲಿಲ್ಲ.