ಬಿಯರ್ ಆರಿಸುವಾಗ ಏನೇನು ನೋಡಬೇಕು?

ಬೆಲೆಯಾಗಲಿ ಬ್ರ್ಯಾಂಡ್ ಆಗಲಿ ಬಿಯರ್‌ನ ಗುಣಕ್ಕೆ ಖಾತರಿ ನೀಡುವುದಿಲ್ಲ. ಕಾರ್ಖಾನೆಯಿಂದ ಹೊರಟಾಗ ಚೆನ್ನಾಗಿದ್ದ ಎಷ್ಟೋ ಬಿಯರ್ ಗೋದಾಮಿನ ಸೆಕೆಯಲ್ಲಿ, ಅಂಗಡಿಯ ಬೆಳಕಿನಲ್ಲಿ ಕೆಡುತ್ತದೆ.

ಆದ್ದರಿಂದ ಮೊದಲು ತಯಾರಿಕೆಯ ದಿನಾಂಕವನ್ನು ನೋಡಬೇಕು. ಗಡುವು ಇನ್ನೂ ಮುಗಿದಿಲ್ಲವೆಂದು ಸಮಾಧಾನಪಟ್ಟುಕೊಳ್ಳದೆ, ಇರುವುದರಲ್ಲಿ ಹೊಸದನ್ನೇ ಆರಿಸುವುದು ಜಾಣತನ. ಹಳೆಯದಾದಷ್ಟೂ ರುಚಿಗಟ್ಟುವ ಬಿಯರ್‌ಗಳು ಕೆಲವಿವೆಯಾದರೂ ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವ, ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ಲಾಗರ್ ಬಿಯರ್ ಆ ಜಾತಿಗೆ ಸೇರಿದ್ದಲ್ಲ. ಬಾಟಲಿಯ ಬಣ್ಣವೂ ಮುಖ್ಯ. ಹಾಪ್ಸ್ ಹೂವಿನಿಂದ ಬಂದ ಕಹಿ ಅಂಶಗಳ ಮೇಲೆ ಬೆಳಕು ಬಿದ್ದರೆ ಗಂಧಕದ ಸಂಯುಕ್ತವೊಂದು ಹುಟ್ಟಿ, ಮುಚ್ಚಳ ತೆಗೆದೊಡನೆ ಮೂಗಿಗೆ ಕಮಟು ನಾತ ಹೊಡೆಯುತ್ತದೆ. ಕಂದು ಗಾಜು ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜೂ ಬಣ್ಣವಿಲ್ಲದ ಗಾಜೂ ಅಷ್ಟಾಗಿ ತಡೆಯವು, ಕ್ಯಾನಿಗಂತೂ ಈ ಭಯವೇ ಇಲ್ಲ. ಟ್ಯೂಬ್‌ಲೈಟ್ ಕೆಳಗೆ ಸಾಲಾಗಿ ಜೋಡಿಸಿಟ್ಟ ಹಸಿರು ಬಾಟಲಿಯನ್ನು ಬಿಟ್ಟು, ಪೆಟ್ಟಿಗೆಯೊಳಗಿನದನ್ನು ಕೊಡಿ ಎಂದು ಕೇಳಲು ಸಂಕೋಚ ಬೇಡ.

ಬಾಟಲಿಯಿಂದಲೇ ಕುಡಿದರೆ ಪರಿಮಳ ತಿಳಿಯದು, ಲೋಟಕ್ಕೆ ಸುರಿಯಬೇಕು. ಲೋಟದ ಒಳಮೈಗೆ ಗುಳ್ಳೆಗಳು ಅಂಟಿ ನಿಂತರೆ ಲೋಟ ಸರಿಯಾಗಿ ತೊಳೆದಿಲ್ಲವೆಂದೇ ಅರ್ಥ, ಅದು ಬಿಯರ್‌ನ ತಪ್ಪಲ್ಲ. ಮಂಜುಗಟ್ಟುವಷ್ಟು ತಣ್ಣಗಿದ್ದರೆ ರುಚಿಯ ಜೊತೆಗೆ ದೋಷವೂ ಮುಚ್ಚಿಹೋಗುತ್ತದೆ. ಲಾಗರ್‌ಗೆ 4ರಿಂದ 7 ಡಿಗ್ರಿ ಸೆಲ್ಸಿಯಸ್ ಸಾಕು.

ಇನ್ನು ಮೂಸಿ ನೋಡುವುದು. ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕ ತಗುಲಿ ಹಳಸಿದೆಯೆಂದು ತಿಳಿಯಬೇಕು. ಲಾಗರ್‌ನಲ್ಲಿ ಬೆಣ್ಣೆಯ ವಾಸನೆ ಎದ್ದು ಕಂಡರೆ ಹುದುಗುವಿಕೆ ಪೂರ್ಣವಾಗಿಲ್ಲ, ಇಲ್ಲವೇ ಪೀಪಾಯಿಯಿಂದ ನಲ್ಲಿಯ ಮೂಲಕ ಕೊಡುವ ಡ್ರಾಟ್ ಬಿಯರ್ ಹರಿಯುವ ಕೊಳವೆಗಳು ಕೊಳೆಯಾಗಿವೆ. ಆದರೆ ಬೆಂಗಳೂರಿನಲ್ಲಿ ಬಿಯರನ್ನು ಅಲ್ಲಲ್ಲೇ ತಯಾರಿಸಿ ಮಾರುವ ಮೈಕ್ರೋಬ್ರೂವರಿಗಳಲ್ಲಿ ಸಿಗುವ ಗೋಧಿ ಬಿಯರ್ ಮಬ್ಬಾಗಿದ್ದು ಬಾಳೆಹಣ್ಣು, ಲವಂಗದಂತೆ ಘಮಗುಟ್ಟಿದರೆ ಗಾಬರಿಯಾಗಬೇಕಿಲ್ಲ. ಆ ಪರಿಮಳ ಯೀಸ್ಟ್ ಕೊಟ್ಟದ್ದು. ಹುಳಿಯೂ ಹಾಗೆಯೇ: ಲಾಗರ್‌ನಲ್ಲಿ ಅದು ದೋಷ, ಬೆಲ್ಜಿಯಂನ ಲ್ಯಾಂಬಿಕ್ ಎಂಬ ಬಗೆಯ ಬಿಯರ್‌ನಲ್ಲಿ ಅದೇ ಲಕ್ಷಣ.

‘ಸ್ಟ್ರಾಂಗ್’ ಎಂದರೆ ಉತ್ತಮ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆ ಪದ ಹೇಳುವುದು ಮದ್ಯಸಾರದ ಪ್ರಮಾಣವನ್ನು ಮಾತ್ರ. ಗಂಟಲಲ್ಲಿ ಉರಿ ಉಳಿಸಿ ಹೋಗುವ ಬಿಯರನ್ನು ನಾನಂತೂ ಒಳ್ಳೆಯದೆನ್ನಲಾರೆ.

ಮೈಕ್ರೋಬ್ರೂವರಿಯಲ್ಲಿ ಪಿಚರ್ (ದೊಡ್ಡ ಜಗ್) ಹೇಳುವ ಮೊದಲು ರುಚಿ ನೋಡಲು ಸ್ವಲ್ಪ ಕೇಳಬಹುದು, ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಮೇಲೆ ಹೇಳಿದ ದೋಷಗಳಲ್ಲಿ ಒಂದು ಕಂಡರೂ ಅದನ್ನು ಹೆಸರಿಸಿ ಹೇಳಿ, ಬೇರೆ ಬಗೆಯದನ್ನು ತರಿಸಿಕೊಳ್ಳಿ.