ಎಡಗೈ ಪಳಗಿದ ಮೇಲೆ ಬ್ಲೂಸ್: ಗುರುವಿಲ್ಲದೆ ಪಿಯಾನೊ ಕಲಿತ ಅನುಭವ

ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆ. ಅದರ ಪಿಯಾನೊದಲ್ಲಿ ನಾನು ಮಾದರಿಯಾಗಿ ಇಟ್ಟುಕೊಂಡದ್ದು ಅಮೆರಿಕದ ವಾದಕ ಚಾಂಪಿಯನ್ ಜ್ಯಾಕ್ ಡುಪ್ರೀಯನ್ನು. ನ್ಯೂ ಆರ್ಲಿಯನ್ಸ್‌ನಲ್ಲಿ ಜ್ಯಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಇದ್ದ ಮಕ್ಕಳ ಆಶ್ರಮದಲ್ಲೇ ಬೆಳೆದ ಅವನು ಪಿಯಾನೊ ಕಲಿತದ್ದು ತನ್ನಷ್ಟಕ್ಕೆ ತಾನೇ. ಆಮೇಲೆ ವಿಲ್ಲಿ ಹಾಲ್ ಎಂಬ ವಾದಕನ ಕೈ ನೋಡಿ ತಿದ್ದಿಕೊಂಡ. ಬಾಕ್ಸಿಂಗ್ ಮಾಡಿ ‘ಚಾಂಪಿಯನ್’ ಅನ್ನಿಸಿಕೊಂಡ, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಅಡುಗೆಯವನಾಗಿದ್ದು ಜಪಾನೀಯರ ಸೆರೆಯಲ್ಲೂ ಇದ್ದ. 1960ರ ಸುಮಾರಿಗೆ ಯುರೋಪಿಗೆ ಹೋಗಿ ನೆಲೆಸಿ, 1992ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ತೀರಿಕೊಂಡ. ಬೆರಳಿನ ಚಮತ್ಕಾರ ಅವನಲ್ಲಿ ಕಡಿಮೆ. ಗದ್ದಲದ ಹೆಂಡದಂಗಡಿಯಲ್ಲಿ ಡ್ರಮ್, ಬೇಸ್ ಎರಡರ ಕೆಲಸವನ್ನೂ ಎಡಗೈಯೇ ಮಾಡಬೇಕಿತ್ತು, ಅದನ್ನು ಅವನು ಮಾಡಿದ.

ನಮ್ಮಲ್ಲಿ ಹಾರ್ಮೋನಿಯಂನಿಂದ ಪಿಯಾನೊಗೆ ಬರುವವರೇ ಜಾಸ್ತಿ. ಅವರ ಎಡಗೈಗೆ ಗೊತ್ತಿರುವುದು ತಿದಿ ಒತ್ತುವುದು ಮಾತ್ರ. ಹಾಗಾಗಿ ಬಲಗೈಯನ್ನು ಪೂರ್ತಿ ಬದಿಗಿಟ್ಟು ಶುರುಮಾಡಿ.

ನಡುವಿನ ಸಿ ಕೀಯಿಂದ ಎರಡು ಸ್ಥಾಯಿ ಕೆಳಗಿನ ಸಿ ಹಿಡಿಯಿರಿ. 61 ಕೀಗಳ ಕೀಬೋರ್ಡಿನಲ್ಲಿ ಅದೇ ಎಡತುದಿಯ ಕೊನೆಯ ಕೀ. ಸಣ್ಣ ಸ್ಪೀಕರಿನಲ್ಲಿ ಅಲ್ಲಿ ನಾದ ಕಲಸಿಹೋಗುತ್ತದೆ, ಆಗ ಒಂದು ಸ್ಥಾಯಿ ಮೇಲೆ ಬನ್ನಿ. ಆಟೊ ರಿದಮ್ ಆಫ್ ಮಾಡಿ. ಕಿರುಬೆರಳು ಸಿ ಮೇಲೆ, ತೋರುಬೆರಳು ಜಿ ಮೇಲೆ ಇಟ್ಟು ಒಟ್ಟಿಗೆ ಎರಡು ಸಲ, ಆಮೇಲೆ ಕಿರುಬೆರಳು ಸಿ, ಹೆಬ್ಬೆರಳು ಎ ಒಟ್ಟಿಗೆ ಎರಡು ಸಲ. ಇದನ್ನೇ ಮತ್ತೊಮ್ಮೆ ನುಡಿಸಿದರೆ ನಾಲ್ಕು ಎಣಿಕೆಯ ಒಂದು ಬಾರ್. ಇದು ಸಿ ಕಾರ್ಡಿಗೆ (ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು). ಎಫ್ ಕಾರ್ಡಿಗೆ ಎಫ್-ಸಿ, ಎಫ್-ಡಿ. ಜಿ ಕಾರ್ಡಿಗೆ ಜಿ-ಡಿ, ಜಿ-ಇ.

ಎರಡು ಹೊಡೆತವೂ ಸಮಸಮ ಬಿದ್ದರೆ ಅದು ಬ್ಲೂಸ್ ಅನ್ನಿಸುವುದಿಲ್ಲ, ಬ್ಯಾಂಡ್‌ಸೆಟ್ಟಿನವರ ಮೆರವಣಿಗೆಯಾಗುತ್ತದೆ. ಪ್ರತಿ ಎಣಿಕೆಗೂ ಬಾಯಲ್ಲಿ ‘ತಕಿಟ’ ಹೇಳಿ. ‘ತ’ಕ್ಕೆ ಒಂದು ಹೊಡೆತ, ‘ಟ’ಕ್ಕೆ ಒಂದು, ‘ಕಿ’ ಖಾಲಿ. ಮೆಟ್ರೊನೋಮ್ (ಲಯ ಹಿಡಿಯಲು ಟಿಕ್ ಎನ್ನುವ ಯಂತ್ರ) ನಿಮಿಷಕ್ಕೆ 60ರಲ್ಲಿ ಇಟ್ಟು, ಒಂದೂ ಹೊಡೆತ ತಪ್ಪದೆ ಐದು ನಿಮಿಷ ಸಾಗಿದರೆ ಮಾತ್ರ 65ಕ್ಕೆ ಏರಿಸಿ. ಮುಂಗೈ ಉರಿಯುತ್ತಿದ್ದರೆ ನೀವು ಬೆರಳನ್ನು ಎತ್ತಿ ಬಡಿಯುತ್ತಿದ್ದೀರಿ ಅಂತ ಅರ್ಥ. ಬೀಗದಕೈ ತಿರುಗಿಸಿದ ಹಾಗೆ ಮಣಿಕಟ್ಟು ಹೆಬ್ಬೆರಳಿನ ಕಡೆ ಕೊಂಚ ಹೊರಳಬೇಕು. ನೋವು ಬಂದರೆ ಆ ದಿನಕ್ಕೆ ಅಷ್ಟೇ.

ಬ್ಲೂಸಿನ ಒಂದು ಸುತ್ತಿಗೆ ಸಾಮಾನ್ಯವಾಗಿ ಹನ್ನೆರಡು ಬಾರ್. ಅದನ್ನು ಎಣಿಸಲು ಆದಿತಾಳ ಸಾಕು. ಅದರ ಒಂದು ಆವರ್ತ ಎಂಟು ಎಣಿಕೆ (ನಾಲ್ಕೆಣಿಕೆಯ ಲಘು, ಎರಡೆಣಿಕೆಯ ಎರಡು ದ್ರುತ), ಅಂದರೆ ಎರಡು ಬಾರ್. ಹಾಗಾಗಿ ಒಂದು ಸುತ್ತು ಸರಿಯಾಗಿ ಆರು ಆವರ್ತ. ಮೊದಲ ಎರಡಕ್ಕೆ ಸಿ, ಮೂರನೆಯದಕ್ಕೆ ಎಫ್, ನಾಲ್ಕನೆಯದಕ್ಕೆ ಮತ್ತೆ ಸಿ. ಐದನೆಯದರ ಲಘುವಿಗೆ ಜಿ, ಎರಡು ದ್ರುತಕ್ಕೆ ಎಫ್. ಆರನೆಯದರ ಲಘುವಿಗೆ ಸಿ, ದ್ರುತಕ್ಕೆ ಜಿ. ಆ ಜಿ ನಿಮ್ಮನ್ನು ಮತ್ತೆ ಸಮಕ್ಕೆ ತಂದು ಬಿಡುತ್ತದೆ. ಎಲ್ಲರೂ ಎಡವುವುದು ಐದನೆಯದರಲ್ಲಿ, ಯಾಕೆಂದರೆ ಅಲ್ಲಿಯವರೆಗೆ ನಿಧಾನಕ್ಕೆ ಬದಲಾಗುತ್ತಿದ್ದ ಕಾರ್ಡ್ ಅರ್ಧ ಆವರ್ತಕ್ಕೇ ಬದಲಾಗುತ್ತದೆ. ಆ ಆವರ್ತವನ್ನೊಂದೇ ಬೇರೆಯಾಗಿ ಸಾಧಕ ಮಾಡಿ.

ಬಲಗೈಗೆ ಮೊದಲ ಪಾಠ ಗಾಂಧಾರ. ಸಿ ಷಡ್ಜವಾದರೆ ಸಾಧಾರಣ ಗಾಂಧಾರ ಕರಿಕೀ, ಅದರ ಪಕ್ಕದ ಅಂತರ ಗಾಂಧಾರ ಬಿಳಿಕೀ. ಕರಿಯ ಮೇಲಿಟ್ಟ ಬೆರಳನ್ನು ಹಾಗೇ ಬಿಳಿಗೆ ಜಾರಿಸಿ. ಪಿಯಾನೊದಲ್ಲಿ ಸ್ವರ ಎಳೆಯಲು ಬಾರದು, ಈ ಜಾರುವಿಕೆಯೇ ಅದಕ್ಕೆ ಬದಲಿ. ಎಫ್, ಜಿ ಶ್ರುತಿಗಳಲ್ಲೂ ಇದು ಸಲೀಸು. ಡಿ, ಇ, ಎ ಶ್ರುತಿಗಳಲ್ಲಿ ಬಿಳಿಯಿಂದ ಕರಿಗೆ ಹತ್ತಬೇಕು, ಬೆರಳು ಜಾರುವುದಿಲ್ಲ. ಎರಡು ಬೆರಳಲ್ಲಿ ಎರಡನ್ನೂ ಹೆಚ್ಚುಕಡಿಮೆ ಒಟ್ಟಿಗೆ ಒತ್ತಿ, ಕೆಳಗಿನದನ್ನು ತಕ್ಷಣ ಬಿಡಬೇಕು. ಅದಕ್ಕೇ ಮೊದಲ ವರ್ಷ ಸಿ, ಎಫ್, ಜಿ ಬಿಟ್ಟು ಹೊರಗೆ ಹೋಗುವ ಅಗತ್ಯವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹಾಡಿಕೊಂಡು ನುಡಿಸುವಾಗ ಒಂದು ಸಾಲಿಗೆ ಎರಡು ಆವರ್ತ. ಮೊದಲನೆಯದು ಕಂಠಕ್ಕೆ, ಎರಡನೆಯದು ಬಲಗೈಯ ಉತ್ತರಕ್ಕೆ. ಹಾಡುವಾಗ ಬಲಗೈ ಸುಮ್ಮನಿರಬೇಕು. ಕೀರ್ತನೆಗೆ ಪಿಟೀಲಿನವರು ಜೊತೆಗೇ ನುಡಿಸುವುದನ್ನು ಕೇಳಿ ಬೆಳೆದ ನಮಗೆ ಇದು ಕಷ್ಟವೇ.

ಹನ್ನೆರಡು ಬಾರ್ ಕೂತ ಮೇಲೆ ಡುಪ್ರೀಯ ‘ಜಂಕರ್ ಬ್ಲೂಸ್’ ಎತ್ತಿಕೊಳ್ಳಿ. ವಿಲ್ಲಿ ಹಾಲ್‌ನಿಂದ ಅವನಿಗೆ ಬಂದ ಹಾಡು ಅದು. 1949ರಲ್ಲಿ ಗಾಯಕ-ಪಿಯಾನೊ ವಾದಕ ಫ್ಯಾಟ್ಸ್ ಡಾಮಿನೊ ಅದರ ಧಾಟಿಯ ಮೇಲೆಯೇ ‘ದಿ ಫ್ಯಾಟ್ ಮ್ಯಾನ್’ ರೆಕಾರ್ಡ್ ಮಾಡಿದ. ಇದರ ಸುತ್ತು ಎಂಟೇ ಬಾರ್, ಅಂದರೆ ನಾಲ್ಕು ಆವರ್ತ. ಆರಕ್ಕೆ ಒಗ್ಗಿದ ಕೈ ನಾಲ್ಕು ಮುಗಿದರೂ ಮುಂದಕ್ಕೆ ಓಡುತ್ತದೆ. ಎಣಿಕೆ ಬಿಟ್ಟು ಸಾಹಿತ್ಯವನ್ನು ಬಾಯಲ್ಲಿ ಹೇಳಿಕೊಂಡು ನುಡಿಸಿದರೆ ಸಾಲು ಮುಗಿದಲ್ಲೇ ಕೈಯೂ ಮೊದಲಿಗೆ ತಿರುಗುತ್ತದೆ.