ಜೀಪಿನಲ್ಲಿ ಹೋದರೆ ಐನ್‌ಮನೆ ಸಿಗಲಿಲ್ಲ

ಅಪ್ಪನಿಗೆ ಈಗ 76. ಕೊಡಗು ಬಿಟ್ಟಾಗ 12. ಅಜ್ಜನಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿ ಇಡೀ ಸಂಸಾರ ಗಂಟುಮೂಟೆ ಕಟ್ಟಿತ್ತು. ಆಮೇಲೆ ಮದುವೆ, ಸಾವು ಅಂತ ವಿರಾಜಪೇಟೆ, ಮಡಿಕೇರಿ ತನಕ ಹೋಗಿ ಬಂದದ್ದುಂಟು. ಕಕ್ಕಬ್ಬೆ ಕಡೆ ಇರುವ ನಮ್ಮ ಐನ್‌ಮನೆಗೆ, ಅಂದರೆ ಇಡೀ ಕುಲದ ಮೂಲ ಮನೆಗೆ, ಮಾತ್ರ ಯಾರೂ ಕಾಲಿಟ್ಟಿರಲಿಲ್ಲ. ಯಾವುದೋ ಗದ್ದೆ ವಿಷಯಕ್ಕೆ ಮಾತು ಬೆಳೆದು ಅಜ್ಜ ಮುನಿಸಿಕೊಂಡಿದ್ದರಂತೆ. ಈಗ ಮುನಿಸಿಕೊಂಡವರೂ ಇಲ್ಲ, ಮುನಿಸು ತರಿಸಿದವರೂ ಇಲ್ಲ. ಗದ್ದೆಯೂ ಪಾಳು ಬಿದ್ದಿದೆ ಅಂತ ಆಮೇಲೆ ಗೊತ್ತಾಯಿತು.

ಮೊದಲ ಸಲ ಹೋಗಿದ್ದು ಜುಲೈನಲ್ಲಿ. ಶುದ್ಧ ಪೆದ್ದುತನ. ನಾಲ್ಕು ದಿನ ರಜೆ ಸಿಕ್ಕಿತು ಅಂತ ಹೊರಟುಬಿಟ್ಟೆವು. ಹುಣಸೂರು, ಆನೆಚೌಕೂರು, ತಿತಿಮತಿ, ಗೋಣಿಕೊಪ್ಪ ದಾಟುವವರೆಗೂ ಪರವಾಗಿರಲಿಲ್ಲ. ವಿರಾಜಪೇಟೆಯಿಂದ ಆಚೆ ಕಾರಿನ ವೈಪರ್ ಸುಮ್ಮನೆ ಆಡುತ್ತಿತ್ತು, ಮುಂದೆ ಏನೂ ಕಾಣುತ್ತಿರಲಿಲ್ಲ. ಕರೆಂಟಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಮಕ್ಕಳ ಕಾಲ್ಬೆರಳ ಸಂದಿಯಲ್ಲೆಲ್ಲ ಜಿಗಣೆ. ಒಂದು ಜೀಪ್ ಬಾಡಿಗೆಗೆ ಹಿಡಿದು ತೋಟದ ಹೊಸ ರಸ್ತೆಯಲ್ಲಿ ಹತ್ತಿಸಿ ಒಂದು ಹಳೆ ಮನೆಯ ಹಿಂದೆ ನಿಲ್ಲಿಸಿದೆವು. ಬೀಗ ಹಾಕಿತ್ತು. ಅಪ್ಪ ಜೀಪಿನಿಂದ ಇಳಿಯಲೇ ಇಲ್ಲ. "ಇದಲ್ಲ," ಅಂದರು. ಡ್ರೈವರ್ ಇದೇ ಅಂತ ಆಣೆ ಹಾಕಿದರೂ "ಅಲ್ಲಪ್ಪ, ಇದಲ್ಲ" ಅಂತಲೇ ಕೂತರು. ಮರೆವಿನ ಕಾಯಿಲೆ ಶುರುವಾಯಿತೇನೋ ಅಂತ ಅವ್ವ ಹೆದರಿಬಿಟ್ಟರು.

ವಾಪಸ್ ಬರುವಾಗ ನಾಪೋಕ್ಲಿನಲ್ಲಿ ಟೀ ಕುಡಿಯಲು ಇಳಿದೆವು. ಅಂಗಡಿಯವರು ಯಾವ ಕಡೆಯವರು ಅಂತ ಕೇಳಿದರು. ನಮ್ಮ ಮನೆ ಹೆಸರು ಹೇಳಿದೆ. ಕೊಡವರಲ್ಲಿ ಮನೆ ಹೆಸರು ಮೊದಲು, ಆಳಿನ ಹೆಸರು ಆಮೇಲೆ. ಅವರು ಹಣ ಎಣಿಸುತ್ತಲೇ ನಮ್ಮ ಒಕ್ಕದ (ಕುಲದ) ಮೂರು ಸಂಸಾರ ಎಲ್ಲೆಲ್ಲಿವೆ ಅಂತ ಹೇಳಿ ಒಬ್ಬರ ನಂಬರ್ ಕೊಟ್ಟರು. ಪಹಣಿ, ಸರ್ವೆ ನಂಬರ್ ಅಂತ ನಾನು ಎರಡು ತಿಂಗಳು ಕಂಪ್ಯೂಟರ್ ಮುಂದೆ ಕೂತದ್ದು ದಂಡ. ಬೇರು ಹುಡುಕುವವರು ಮೊದಲು ಟೀ ಅಂಗಡಿಗೆ ಹೋಗಿ.

ಆ ನಂಬರಿಗೆ ಫೋನ್ ಮಾಡಿದರೆ ಎತ್ತಿದ್ದು ಅಪ್ಪನ ದೊಡ್ಡಪ್ಪನ ಮಗ. "ಪುತ್ತರಿಗೆ ಬನ್ನಿ, ಎಲ್ಲರೂ ಸೇರ್ತೇವೆ. ಬೇರೆ ದಿನ ಬಂದರೆ ಬೀಗ ನೋಡಿಕೊಂಡು ಹೋಗಬೇಕಷ್ಟೆ," ಅಂದರು. ಪುತ್ತರಿ ಅಂದರೆ ಕೊಡವರ ಸುಗ್ಗಿ ಹಬ್ಬ. ಈಗ ಐನ್‌ಮನೆಯಲ್ಲಿ ಯಾರೂ ವಾಸವಿಲ್ಲ. ಎಲ್ಲರೂ ತಮ್ಮ ತಮ್ಮ ತೋಟದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಹಬ್ಬಕ್ಕೆ, ಕಾರಣವರಿಗೆ (ತೀರಿಕೊಂಡ ಹಿರಿಯರಿಗೆ) ಎಡೆ ಇಡುವುದಕ್ಕೆ ಬಾಗಿಲು ತೆಗೆಯುತ್ತಾರೆ.

ಪುತ್ತರಿ ಬರುವುದು ನವೆಂಬರ್ ಕೊನೆ ಇಲ್ಲವೇ ಡಿಸೆಂಬರ್ ಹುಣ್ಣಿಮೆ ಹೊತ್ತಿಗೆ. ನೆರೆ (ಎಲೆಗಳ ಕಟ್ಟು) ಕಟ್ಟಲು, ಕದಿರು ತೆಗೆಯಲು, ಊಟಕ್ಕೆ ಒಂದೊಂದಕ್ಕೂ ಬೇರೆ ಮುಹೂರ್ತ. ದಿನ, ಹೊತ್ತು ಎರಡನ್ನೂ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಶ್ಚಯ ಮಾಡುತ್ತಾರೆ. ನಾನು ಅದಕ್ಕೇ ಕಾದು ಕೂತೆ. ಅಷ್ಟರಲ್ಲಿ ತಡಿಯಂಡಮೋಳ್ ಬೆಟ್ಟ ಹತ್ತುವವರು ಹೋಂಸ್ಟೇಗಳನ್ನೆಲ್ಲ ಹಿಡಿದುಬಿಟ್ಟಿದ್ದರು. ಸಿಕ್ಕ ಒಂದು ಹೋಂಸ್ಟೇಯಲ್ಲಿ ನಾವು 11 ಜನ, ಬಿಸಿನೀರು ಮೂವರಿಗೆ ಮಾತ್ರ. ಹುಣ್ಣಿಮೆ ಲೆಕ್ಕ ಹಾಕಿ ಆಸುಪಾಸಿನ ಮೂರ್ನಾಲ್ಕು ದಿನ ಮೊದಲೇ ಹಿಡಿದಿಡುವುದು ಒಳ್ಳೆಯದು.

ಈ ಸಲ ಫೋನಿನಲ್ಲಿ ಸಿಕ್ಕಿದ್ದ ಆ ಚಿಕ್ಕಪ್ಪ (ನಾವು ಹಾಗೇ ಕರೆಯುತ್ತೇವೆ) ರಸ್ತೆಯಲ್ಲೇ ಕಾಯುತ್ತಿದ್ದರು. ಕಾರನ್ನು ಗದ್ದೆ ಬದಿಯಲ್ಲೇ ನಿಲ್ಲಿಸಿ ಅಂದರು. ಅಲ್ಲಿಂದ ಓಣಿ. ಎರಡು ಕಡೆ ಎದೆಮಟ್ಟದ ಮಣ್ಣಿನ ದರೆ, ಕಲ್ಲಿಗೆ ಹಾವಸೆ, ನಡುವೆ ಇಬ್ಬರು ನಡೆಯುವಷ್ಟು ಜಾಗ. ಜುಲೈನಲ್ಲಿ ಇದೇ ಓಣಿ ತೋಡಿನ ಹಾಗೆ ಹರಿಯುತ್ತದಂತೆ. ಅಪ್ಪ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರು. ಮಂಡಿ ನೋವು ಅಂತ ಮೈಸೂರಿನಲ್ಲಿ ಒಂದು ಮಹಡಿ ಹತ್ತದವರು ನಮಗಿಂತ ಮುಂದೆ ಹೋದರು. "ಈಗ ಎಡಕ್ಕೆ ತಿರುಗುತ್ತೆ. ಅಲ್ಲಿ ಒಂದು ಹಲಸಿನ ಮರ," ಅಂದರು. ಎಡಕ್ಕೆ ತಿರುಗಿತು. ಮರ ಇರಲಿಲ್ಲ, ಬುಡ ಇತ್ತು. ಮುಂದೆ ಮೆಟ್ಟಿಲು, ಅಂಗಳ, ಎದುರಿಗೆ ಮನೆ. ಜುಲೈನಲ್ಲಿ ಹಿಂದಿನಿಂದ ನೋಡಿ ಬಂದ ಅದೇ ಮನೆ! ಅವರಿಗೆ ಗೊತ್ತಿದ್ದದ್ದು ಮನೆಯ ಮುಖ. ಬೆನ್ನು ತೋರಿಸಿದರೆ ಹೇಗೆ ಗುರುತು ಹಿಡಿಯುತ್ತಾರೆ ಹೇಳಿ?

ಕೈಯಾಲೆಯಲ್ಲಿ, ಅಂದರೆ ಮುಂದಿನ ಜಗುಲಿಯಲ್ಲಿ, ಕಂಬಗಳ ನಡುವೆ ಐಮರ ಇದೆ. ಅಗಲವಾದ ಮರದ ಹಲಗೆ, ಹಿರಿಯರು ಕೂರುವ ಜಾಗ. ಅಪ್ಪ ಚಿಕ್ಕವರಿದ್ದಾಗ ಅದರ ಮೇಲೆ ಕೂತು ಏಟು ತಿಂದಿದ್ದರಂತೆ. ಈಗ ಚಿಕ್ಕಪ್ಪ ಕೂರಿಸಿದರು. ಹಲಗೆಗೆ ಹೊಸದಾಗಿ ವಾರ್ನಿಷ್ ಹೊಡೆದಿತ್ತು, ಮುಖ ಕಾಣುವಷ್ಟು ಹೊಳಪು. ಅಪ್ಪ ಸ್ವಲ್ಪ ಹೊತ್ತು ಕೂತು, ಕೈಯನ್ನು ಹಲಗೆಯ ಕೆಳಗೆ ಹಾಕಿ ತಡಕಾಡಿದರು. ಆಮೇಲೆ ನನ್ನ ಕೈ ಹಿಡಿದು ಅಲ್ಲಿ ಇಟ್ಟರು. ಗರಗಸದ ಹಲ್ಲಿನ ಹಾಗೆ ಗಟ್ಟಿಯಾಗಿ, ಒರಟಾಗಿ ಏನೋ ತಗುಲಿತು. ಸುಣ್ಣ. ಎಲೆ ಅಡಿಕೆ ಹಾಕಿಕೊಂಡು ಅಲ್ಲಿ ಕೂತವರೆಲ್ಲ ಬೆರಳಿನಲ್ಲಿ ಉಳಿದ ಸುಣ್ಣವನ್ನು ಕೆಳಗೆ ಒರೆಸಿ ಒರೆಸಿ ಪದರ ಕಟ್ಟಿತ್ತು. ವಾರ್ನಿಷ್ ಹೊಡೆದವನು ಬಗ್ಗಿ ನೋಡಿರಲಿಲ್ಲ, ಪುಣ್ಯ.

ಸಂಜೆ ನೆಲ್ಲಕ್ಕಿಯಲ್ಲಿ (ನಡುಮನೆಯಲ್ಲಿ) ದೀಪದ ಮುಂದೆ ಮಾವು, ಅರಳಿ ಹೀಗೆ ಐದು ಬಗೆ ಎಲೆ ಸೇರಿಸಿ ನೆರೆ ಕಟ್ಟಿದರು. ಹಿರಿಯರ ಕಾಲಿಗೆ ಬೀಳುವುದರಲ್ಲೇ ಮಕ್ಕಳು ಸುಸ್ತು. ಯಾರು ಹಿರಿಯರು ಅಂತ ತಿಳಿಯದೆ ನನ್ನ ಮಗ ಅಡಿಗೆಯವರ ಕಾಲಿಗೂ ಬಿದ್ದ. ನಂತರ ತಳಿಯತಕ್ಕಿ (ತಟ್ಟೆಯಲ್ಲಿ ಅಕ್ಕಿ, ಅದರ ಮೇಲೆ ದೀಪ) ಹಿಡಿದು ಗದ್ದೆಗೆ. ಕೋವಿ ಢಂ ಅಂತು, ಕದಿರು ಕೊಯ್ದರು, "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಕೂಗಿದೆವು. ನಮ್ಮ ಕೂಗಿಗೆ ಬೆಟ್ಟದ ಆಚೆಯ ಇನ್ನೊಂದು ಗದ್ದೆಯಿಂದ ಕೂಗು ಬಂತು. ರಾತ್ರಿ ತಂಬುಟ್ಟು, ಪುತ್ತರಿ ಗೆಣಸು, ಪಂದಿ ಕರಿ. ಗದ್ದೆಯ ಜಗಳದ ಮಾತು ಯಾರೂ ಎತ್ತಲಿಲ್ಲ. ನಾನೇ ಎತ್ತಲು ಹೋದೆ, ಅವ್ವ ಚಿವುಟಿದರು.

ಬರುವಾಗ ಚಿಕ್ಕಪ್ಪ ಒಂದು ಹಿಡಿ ಕದಿರು ಕೊಟ್ಟರು. ಮೈಸೂರಿನ ಫ್ಲಾಟಿನ ಬಾಗಿಲಿಗೆ ಕಟ್ಟಿದೆವು. ಎರಡೇ ದಿನದಲ್ಲಿ ಪಾರಿವಾಳಗಳು ಕಾಳೆಲ್ಲ ತಿಂದು ಖಾಲಿ ಮಾಡಿದವು. ಬರಿ ಹುಲ್ಲು ನೇತಾಡುತ್ತಿದೆ. ಬಿಚ್ಚಲು ಹೋದರೆ ಅಪ್ಪ ಬಿಡುತ್ತಿಲ್ಲ.